ಎರಡನೇ ವಾಲ್ವಿನ ಕೀಲಿಕೈ

ನಿನ್ನೆ ಬೆಟಗೇರಿಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ನಾಲ್ಕು ಜನ ಮಾತಾಡಿದರು, ನಾಲ್ವರೂ ಸತ್ತ ಮನುಷ್ಯನ ಬಗ್ಗೆ ಸುಳ್ಳು ಹೇಳಿದರು. ಮೊದಲನೆಯವರು ಶಾಂತಮೂರ್ತಿ ಅಂದರು. ಎರಡನೆಯವರು ಯಾರ ಮನಸ್ಸನ್ನೂ ನೋಯಿಸದ ಜೀವ ಅಂದರು. ಮೂರನೆಯವರು ನಿವೃತ್ತ ಮಾಸ್ತರರು. ಸತ್ತವರು ರೈಲ್ವೆಯಲ್ಲಿ ಇದ್ದರಲ್ಲ ಅಂತ, ಯಾವನೋ ಪುಣ್ಯಾತ್ಮ ಒಲೆಯ ಮೇಲಿನ ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಉಗಿಬಂಡಿ ಕಂಡುಹಿಡಿದ ಕಥೆಯನ್ನು ಕಾಲು ತಾಸು ಹೇಳಿದರು. ಸತ್ತವರು ಬದುಕಿದ್ದರೆ ಅರ್ಧಕ್ಕೇ ಎದ್ದು ಹೋಗಿ ಮೈಕು ಕಸಿದುಕೊಳ್ಳುತ್ತಿದ್ದರು. ನಾಲ್ಕನೆಯವನು ನಮ್ಮ ಬಣ್ಣದ ಕಾರ್ಖಾನೆಯ ಮಾಲೀಕ. ನಮಗೆ ತಂದೆಯ ಸಮಾನ ಇದ್ದರು ಅಂತ ಹೇಳಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಇದೇ ಮನುಷ್ಯ 'ಆ ಮುದುಕನ್ನ ಗೇಟಿನೊಳಗ ಬಿಡಬ್ಯಾಡ' ಅಂತ ಕಾವಲುಗಾರನಿಗೆ ಹೇಳಿದ್ದನ್ನು ನಾನು ಈ ಎರಡು ಕಿವಿಗಳಿಂದ ಕೇಳಿದ್ದೇನೆ.

ಮೂರನೇ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಎದ್ದು ನಿಂತು ಸಾಕು ಮಾಡ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಸಭೆ ಮುಗಿದು ಚಹಾ ಹಂಚುವಾಗ ಮಾಲೀಕ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದ.

"ಮೇಸ್ತ್ರಿ ಹತ್ರ ಇತ್ತಲ್ಲ, ಆ ಕೀಲಿಕೈ ಎಲ್ಲೈತಿ?"

ಅವನ ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾನು ಬರಹಗಾರನಲ್ಲ, ಬಾಯ್ಲರ್ ನಡೆಸುವವನು. ಬೆಟಗೇರಿಯ ನೇಕಾರರ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಉಗಿ ಎಬ್ಬಿಸುವುದು ನನ್ನ ಕೆಲಸ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಆ ನಾಲ್ವರ ಮಾತೇ ಕೊನೆಯ ಮಾತಾಗಿ ಉಳಿಯುವುದು ಮಾತ್ರ ನನ್ನಿಂದ ಸಹಿಸಲಿಕ್ಕಾಗುವುದಿಲ್ಲ.

ಹೆಸರು ಬರೆಯುವುದಿಲ್ಲ. ಸಭೆಯ ಬ್ಯಾನರಿನಲ್ಲಿ ಹೆಸರನ್ನು ದೊಡ್ಡದಾಗಿಯೇ ಬರೆಸಿದ್ದರು, ಅದರಿಂದ ಅವರಿಗೇನು ಬಂತು? ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ಉಗಿ ಇಂಜಿನ್ನುಗಳ ಕಾಲದಲ್ಲಿ ರೈಲ್ವೆ ಶೆಡ್ಡಿನಲ್ಲಿ ಬಾಯ್ಲರ್ ರಿಪೇರಿ ಮಾಡುತ್ತಿದ್ದವರು. ಇಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಬಾಯ್ಲರಿನ ಹೊಟ್ಟೆಯೊಳಗೆ ತೆವಳಿಕೊಂಡು ಹೋಗಿ ಬೋಲ್ಟು ಬದಲಿಸುವಷ್ಟು ಕಲಿತವರು. ಡೀಸೆಲ್ ಬಂದ ಮೇಲೆ, ತಾವೇ ರಿಪೇರಿ ಮಾಡಿದ್ದ ಇಂಜಿನ್ನುಗಳನ್ನು ಗ್ಯಾಸಿನಿಂದ ಕತ್ತರಿಸಿ ಗುಜರಿಗೆ ಹಾಕುವುದನ್ನು ನಿಂತು ನೋಡಿದವರು. ನಿವೃತ್ತಿಯಾದ ಮೇಲೆ ಕಳಸಾಪುರದಲ್ಲಿ ಮನೆ ಮಾಡಿಕೊಂಡಿದ್ದರು. ದಿನಾ ಸೈಕಲ್ ತುಳಿದುಕೊಂಡು ಬೆಟಗೇರಿಗೆ ಬರುತ್ತಿದ್ದರು.

ಶಾಂತಮೂರ್ತಿಯಂತೆ. ಮೇಸ್ತ್ರಿಗೆ ಆಗಾಗ ಸಿಟ್ಟು ಬರುತ್ತಿತ್ತು ಅನ್ನುವುದೂ ತಪ್ಪು. ಸಿಟ್ಟು ಇದ್ದೇ ಇರುತ್ತಿತ್ತು, ಆಗಾಗ ಸ್ವಲ್ಪ ಹೊತ್ತು ಹೋಗಿ ಬರುತ್ತಿತ್ತು. ಮುಂಡರಗಿಯ ಎಣ್ಣೆ ಗಾಣವಿರಲಿ, ಲಕ್ಷ್ಮೇಶ್ವರದ ಹತ್ತಿ ಬಿಡಿಸುವ ಜಿನ್ನಿರಲಿ, ಎಲ್ಲಿ ಉಗಿ ಇದೆಯೋ ಅಲ್ಲಿಗೆ ಯಾರೂ ಕರೆಯದೆ ಹೋಗಿ ನೋಡಿ ಬೈದು ಬರುತ್ತಿದ್ದರು. ಒಮ್ಮೆ ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿನ್ನುತ್ತ ಕೂತಿದ್ದಾಗ, ಒಳಗೆ ಇಡ್ಲಿ ಪೆಟ್ಟಿಗೆಯ ಉಗಿ ಬಿಡುವ ಸಿಳ್ಳೆಗೆ ಅಡುಗೆಯವನು ಒದ್ದೆ ಬಟ್ಟೆ ಸುತ್ತಿದ್ದು ಕಣ್ಣಿಗೆ ಬಿತ್ತು. ಸದ್ದು ಜಾಸ್ತಿ ಅಂತ ಸುತ್ತಿದ್ದನಂತೆ. ಮೇಸ್ತ್ರಿ ಕೈಯನ್ನೂ ತೊಳೆಯದೆ ಅಡುಗೆಮನೆಗೆ ನುಗ್ಗಿ, ಒಲೆ ಆರಿಸಿ, ಅವನನ್ನು ಬಾಯಿಗೆ ಬಂದಂತೆ ಬೈದರು. ಆ ಹೋಟೆಲಿನವರು ಮತ್ತೆ ಅವರಿಗೆ ಇಡ್ಲಿ ಕೊಡಲಿಲ್ಲ. ಅದೊಂದಕ್ಕೆ ಮಾತ್ರ ಅವರಿಗೆ ಬೇಜಾರಿತ್ತು, ಚಟ್ನಿ ಚೆನ್ನಾಗಿರುತ್ತಿತ್ತಂತೆ.

ಅಂಗಿಯ ಬಗಲಿನ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಸುತ್ತಿಗೆ. ಬಾಯ್ಲರಿನ ಬೋಲ್ಟು ಒಳಗೆ ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ, ತಟ್ಟಿದರೆ ಸದ್ದು ಮಂಕಾಗುತ್ತದೆ. ಜೀವಮಾನವೆಲ್ಲ ತಟ್ಟಿ ತಟ್ಟಿ, ತಟ್ಟದೆ ಯಾವುದನ್ನೂ ನಂಬದ ಹಾಗಾಗಿದ್ದರು. ಲಕ್ಷ್ಮೇಶ್ವರದ ಸಂತೆಯಲ್ಲಿ ನೀರಿಗೆ ಮಣ್ಣಿನ ಕೊಡ ಕೊಳ್ಳಲು ಹೋಗಿ, ಸಾಲಿನಲ್ಲಿದ್ದ ಕೊಡಗಳನ್ನೆಲ್ಲ ಬೆರಳ ಗಂಟಿನಿಂದ ತಟ್ಟಿ ಕಿವಿಗೊಟ್ಟು, ಒಂದನ್ನೂ ಕೊಳ್ಳದೆ ಎದ್ದರು. ಮಾರುವ ಹೆಣ್ಣುಮಗಳು ಅವರ ವಂಶವನ್ನೆಲ್ಲ ಎತ್ತಿ ಬೈದಳು. ಮೇಸ್ತ್ರಿ ತಿರುಗಿ ಬೈಯಲಿಲ್ಲ. ಸೀಳಿದ್ದ ಮೂರು ಕೊಡಗಳನ್ನು ಬೇರೆ ತೆಗೆದಿಟ್ಟು, ಇವನ್ನು ಯಾರಿಗೂ ಕೊಡಬೇಡ ಅಂತ ಹೇಳಿ ಬಂದರು. ಜೊತೆಗೆ ಹೋಗಿದ್ದ ನಾನು ನಾಚಿಕೆಯಿಂದ ಅರ್ಧ ಆಗಿದ್ದೆ.

ಅವರಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿದ್ದದ್ದು ಆ ಕೆಟಲಿನ ಕಥೆ. ಚಹಾದಂಗಡಿಯಲ್ಲಿ ಯಾರಾದರೂ ಅವರನ್ನು ಕೆಣಕಬೇಕಾದರೆ ಅದನ್ನೇ ತೆಗೆಯುತ್ತಿದ್ದರು. "ಮುಚ್ಚಳ ಎದ್ದದ್ದು ನೋಡಿದ್ರ ಇಂಜಿನ್ ಆಗತೈತೇನು? ನಮ್ಮವ್ವ ನಲವತ್ತು ವರ್ಷ ನುಚ್ಚಿನ ಗಡಗಿ ಮುಚ್ಚಳ ಕುಣಿಯೂದು ನೋಡ್ಯಾಳ. ಆಕಿಗೆ ಯಾರ ಶಾಲು ಹೊದಿಸ್ಯಾರ?" ಅನ್ನುತ್ತಿದ್ದರು. ಇಂಜಿನ್ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಗಣಿಯ ಗುಂಡಿಯಲ್ಲಿ ಅನ್ನುವುದು ಅವರ ವಾದ. ಶೆಡ್ಡಿನ ಹಳೆಯ ಫೋರ್‌ಮನ್ ಒಬ್ಬರು ಹೇಳಿದ್ದು, ರಟ್ಟು ಹರಿದ ಯಾವುದೋ ಪುಸ್ತಕದಲ್ಲಿ ಬೆರಳಿಟ್ಟು ಓದಿಸಿಕೊಂಡಿದ್ದು, ಎಲ್ಲ ಸೇರಿಸಿ ಇನ್ನೂರು ವರ್ಷದ ಹಿಂದಿನ ವಿಲಾಯತಿಯ ಸಂಗತಿಯನ್ನು ಹಿಂದಿನ ಓಣಿಯ ಜಗಳದ ಹಾಗೆ ಹೇಳುತ್ತಿದ್ದರು.

ಮೊದಲು ಉಗಿಯಂತ್ರ ಅಂದರೆ ಮನೆಯಷ್ಟು ದೊಡ್ಡದು, ಗಣಿಯ ಬಾಯಲ್ಲಿ ಕೂತಲ್ಲೇ ಕೂತು ನೀರೆತ್ತುತ್ತಿತ್ತು. ಅದರ ಉಗಿಗೆ ಜೋರಿರಲಿಲ್ಲ. ಜೋರು ಮಾಡಲು ದೊಡ್ಡವರಿಗೆಲ್ಲ ಹೆದರಿಕೆ. ಆಗ ಗಣಿಯ ಕೆಲಸದಲ್ಲೇ ಬೆಳೆದ ಒಬ್ಬ ಎತ್ತರದ ಆಳು ಬಂದ. ಕುಸ್ತಿ ಆಡುತ್ತಿದ್ದನಂತೆ, ಹಾಗಾಗಿ ಮೇಸ್ತ್ರಿ ಅವನನ್ನು ಪೈಲ್ವಾನ ಅಂತಲೇ ಕರೆಯುತ್ತಿದ್ದರು. ಉಗಿಗೆ ಜೋರು ಕೊಟ್ಟರೆ ಬಾಯ್ಲರ್ ಸಣ್ಣದಾಗುತ್ತದೆ, ಸಣ್ಣದಾದರೆ ಗಾಲಿಯ ಮೇಲೆ ಕೂರಿಸಬಹುದು ಅಂದವನು ಅವನೇ. ಕೂರಿಸಿಯೂ ತೋರಿಸಿದ. ಕಬ್ಬಿಣದ ಹಳಿಯ ಮೇಲೆ, ಕಬ್ಬಿಣದ ಹೇರನ್ನೂ ಜನರನ್ನೂ ಎಳೆದುಕೊಂಡು ಇಂಜಿನ್ ನಡೆಯಿತು. ಆದರೆ ಭಾರಕ್ಕೆ ಎರಕದ ಹಳಿಗಳು ಅಲ್ಲಲ್ಲಿ ಮುರಿದವು. "ಮುರಿದಿದ್ದು ಹಳಿ, ಬೈಸ್ಕೊಂಡಿದ್ದು ಇಂಜಿನ್ನು" ಅನ್ನುವಾಗ ಮೇಸ್ತ್ರಿಯ ಮುಖ ಕೆಂಪಾಗುತ್ತಿತ್ತು. ಆಮೇಲೆ ಬಂದವರು ಹಳಿಯನ್ನು ಗಟ್ಟಿ ಮಾಡಿದರು, ಬಾಯ್ಲರಿನೊಳಗೆ ಒಂದು ದಪ್ಪ ಕೊಳವೆಯ ಬದಲು ಹತ್ತಾರು ಸಣ್ಣ ಕೊಳವೆ ಹಾಕಿ ನೀರು ಬೇಗ ಕುದಿಯುವಂತೆ ಮಾಡಿದರು, ದುಡಿದು ಹೊರಬಂದ ಉಗಿಯನ್ನು ಚಿಮಣಿಗೆ ಬಿಟ್ಟು ಬೆಂಕಿ ಊದಿಸುವ ಪೈಲ್ವಾನನ ಉಪಾಯವನ್ನೇ ಇನ್ನೂ ಜೋರು ಮಾಡಿಕೊಂಡರು. ಹೆಸರೆಲ್ಲ ಅವರಿಗೆ ಹೋಯಿತು. ಪೈಲ್ವಾನ ಬಡವನಾಗಿಯೇ ಸತ್ತ. ಹೆಣ ಮಣ್ಣು ಮಾಡುವುದಕ್ಕೂ ಕಾರ್ಖಾನೆಯ ಕೆಲಸದವರೇ ಮುಂದೆ ಬರಬೇಕಾಯಿತಂತೆ.

ಇದನ್ನೆಲ್ಲ ಕೇಳುವಾಗ ನಾವು ಗಿರ್ಮಿಟ್ ತಿನ್ನುತ್ತ ನಗುತ್ತಿದ್ದೆವು. ಮುದುಕನಿಗೆ ಹೊತ್ತು ಹೋಗಬೇಕಲ್ಲ ಅನ್ನುತ್ತಿದ್ದೆವು. ಆ ಕಥೆಯ ಅರ್ಧ ಭಾಗವನ್ನು ಅವರು ನಮಗೆ ಹೇಳಿರಲೇ ಇಲ್ಲ. ಅದನ್ನು ಕೇಳುವ ಯೋಗ ನನಗೆ ಬಂದದ್ದು ಹನ್ನೆರಡು ವರ್ಷದ ಹಿಂದೆ, ನನ್ನದೇ ತಪ್ಪಿನಿಂದ.

ನಮ್ಮ ಬಾಯ್ಲರ್ ಹಳೆಯದು. ಮುಚ್ಚಿಹೋದ ಯಾವುದೋ ಮಿಲ್ಲಿನಿಂದ ತಂದದ್ದು. ಶೇಂಗಾ ಹೊಟ್ಟು ಉರಿಸುತ್ತೇವೆ. ಉಗಿಯ ಒತ್ತಡ ಮೀಟರಿನ ಕೆಂಪು ಗೀಟು ಮುಟ್ಟಿದರೆ ಮೇಲಿನ ವಾಲ್ವು ತಾನಾಗಿಯೇ ಎದ್ದು, ಹೆಚ್ಚಾದ ಉಗಿಯನ್ನು ಸಿಳ್ಳೆ ಹಾಕುತ್ತ ಹೊರಗೆ ಬಿಡುತ್ತದೆ. ಆಗ ಇದ್ದದ್ದು ಒಂದೇ ವಾಲ್ವು, ಅದೂ ಹಳೆಯ ನಮೂನೆಯದು. ಒಂದು ಅಡ್ಡ ಸರಳು, ಅದರ ತುದಿಗೆ ತೂಗುವ ಕಬ್ಬಿಣದ ಗುಂಡು. ಗುಂಡಿನ ಭಾರದಿಂದಲೇ ವಾಲ್ವು ಮುಚ್ಚಿರುತ್ತದೆ. ಭಾರ ಎಷ್ಟೋ ಅಷ್ಟರವರೆಗೆ ಉಗಿ ತಡೆಯುತ್ತದೆ.

ಅದು ಲಗ್ನದ ಕಾಲ. ಕೆಂಪು ನೂಲಿಗೆ ಎಲ್ಲಿಲ್ಲದ ಬೇಡಿಕೆ. ಬೆಳಗಿನಿಂದ ವಾಲ್ವು ಏಳುತ್ತಲೇ ಇತ್ತು, ಮಾಲೀಕ ಹೊಟ್ಟು ದಂಡ ಆಗುತ್ತದೆ ಅಂತ ಬೈಯುತ್ತಲೇ ಇದ್ದ, ಬಣ್ಣದ ತೊಟ್ಟಿಗಳ ಹತ್ತಿರ ಕೆಲಸ ಮಾಡುತ್ತಿದ್ದ ಗಂಗವ್ವ ಮತ್ತು ಇಬ್ಬರು ಹೆಂಗಸರು ನೀರು ಕಾದಿಲ್ಲ ಅಂತ ಕೂಗುತ್ತಿದ್ದರು. ನನ್ನ ತಲೆ ಕೆಟ್ಟಿತು. ನೂಲು ತೂಗುವ ತಕ್ಕಡಿಯ ಎರಡು ಕಿಲೋ ಕಲ್ಲು ಅಲ್ಲೇ ಬಿದ್ದಿತ್ತು. ಒಂದು ಲಡಿ ನೂಲನ್ನೇ ಹುರಿ ಮಾಡಿ, ಕಲ್ಲನ್ನು ಸರಳಿನ ತುದಿಗೆ ಕಟ್ಟಿದೆ. ಸಿಳ್ಳೆ ನಿಂತಿತು. ತೊಟ್ಟಿಗಳು ಕುದಿಯತೊಡಗಿದವು. ಮಾಲೀಕ ಬಂದು ನೋಡಿ, ಹಿಂಗ ಇರಬೇಕು ಕೆಲಸ ಅಂದು ಬೆನ್ನು ತಟ್ಟಿ ಹೋದ. ಅವನಿಗೆ ಕಲ್ಲು ಕಾಣಲಿಲ್ಲವೇ? ಕಂಡಿತು. ನಿನ್ನೆಯ ತನಕ ಇಲ್ಲ ಅನ್ನುತ್ತಿದ್ದ.

ಮೇಸ್ತ್ರಿ ಆ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದರು. ಅಲ್ಲಿಗೆ ನಮ್ಮ ವಾಲ್ವಿನ ಸಿಳ್ಳೆ ಕೇಳುತ್ತದೆ. ಆ ದಿನ ಚಿಮಣಿಯಲ್ಲಿ ದಟ್ಟ ಹೊಗೆ ಕಾಣುತ್ತಿತ್ತು, ಸಿಳ್ಳೆ ಕೇಳುತ್ತಿರಲಿಲ್ಲ. ಅಷ್ಟು ಸಾಕಾಯಿತು ಅವರಿಗೆ. ಒಳಗೆ ಬಂದವರೇ ಮೀಟರಿನ ಮುಳ್ಳು ನೋಡಿದರು. ಅದು ಕೆಂಪು ಗೀಟು ದಾಟಿ ಎಷ್ಟೋ ಹೊತ್ತಾಗಿತ್ತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಉಗಿಯ ವಿಷಯದಲ್ಲಿ ತಪ್ಪು ಕಂಡೂ ಅವರು ಬೈಯದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಗಂಗವ್ವಾ, ಮಂದೀನ ಕರಕೊಂಡು ಹೊರಗ ನಡಿ, ರಸ್ತಾ ದಾಟಿ ನಿಂದರ್ರಿ" ಅಂದರು. ಅವಳು ಅವರ ಮುಖ ನೋಡಿದಳು, ಒಂದು ಪ್ರಶ್ನೆ ಕೇಳದೆ ಎಲ್ಲರನ್ನೂ ಕರೆದುಕೊಂಡು ಹೋದಳು.

ನಾನು ಕಲ್ಲು ಬಿಚ್ಚಲು ಕೈ ಹಾಕಿದೆ. ಮೇಸ್ತ್ರಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಒಳಗೆ ಅಷ್ಟು ಒತ್ತಡ ಇರುವಾಗ ವಾಲ್ವನ್ನು ಒಮ್ಮೆಲೇ ಎಬ್ಬಿಸಿದರೆ ಒಳಗಿನ ನೀರೆಲ್ಲ ಒಂದೇ ಸಲಕ್ಕೆ ಉಗಿಯಾಗಿ ಬಾಯ್ಲರನ್ನೇ ಸೀಳಬಹುದು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅವರು ಒಲೆಯ ಬಾಗಿಲು ತೆರೆದು, ಉದ್ದ ಸಲಾಕೆಯಿಂದ ಉರಿಯುವ ಹೊಟ್ಟನ್ನೆಲ್ಲ ಹೊರಗೆ ಎಳೆದರು. ನನ್ನ ಕೈಗೂ ಒಂದು ಸಲಾಕೆ ಕೊಟ್ಟರು. ಕಾಲ ಸುತ್ತ ಕೆಂಡ. ಮೇಸ್ತ್ರಿಯ ಧೋತರದ ಅಂಚು ಸುಟ್ಟು ಹೋಯಿತು. ಆಮೇಲೆ ಮುಳ್ಳು ನೋಡುತ್ತ ನಿಂತೆವು. ಅದು ಎಷ್ಟು ನಿಧಾನವಾಗಿ ಇಳಿಯಿತು ಅಂದರೆ, ಆ ಹೊತ್ತಿನಲ್ಲಿ ನಾನು ನನ್ನ ಮಗಳ ಹೆಸರನ್ನು ಎಷ್ಟು ಸಲ ಅಂದುಕೊಂಡೆನೋ ಗೊತ್ತಿಲ್ಲ.

ಮುಳ್ಳು ಗೀಟಿನ ಕೆಳಗೆ ಬಂದ ಮೇಲೆ ಕಲ್ಲನ್ನು ತಾವೇ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಮತ್ತೊಂದು ಕೈಯಿಂದ ಕೆನ್ನೆಗೆ ಹೊಡೆದರು. ಆಮೇಲೆ ಹೊಟ್ಟಿನ ಚೀಲದ ಮೇಲೆ ಕೂತು, ಪೈಲ್ವಾನನ ಕಥೆಯಲ್ಲಿ ಉಳಿದದ್ದನ್ನು ಹೇಳಿದರು. ಇಂಜಿನ್ನನ್ನು ಹಳಿಯ ಮೇಲೆ ಓಡಿಸುವುದಕ್ಕೂ ಮೊದಲು, ಅವನು ಮಾಡಿದ ಒಂದು ಬಾಯ್ಲರ್ ಸಿಡಿದಿತ್ತು. ಅದನ್ನು ನೋಡಿಕೊಳ್ಳಲು ಹಚ್ಚಿದವನು ಮೀನು ಹಿಡಿಯಲು ಹೋಗಿದ್ದ. ವಾಲ್ವು ಏಳದಂತೆ ಅದನ್ನು ಒತ್ತಿ ಕಟ್ಟಲಾಗಿತ್ತು. ಅಲ್ಲಿ ದುಡಿಯುತ್ತಿದ್ದ ಆಳುಗಳು ಸತ್ತರು. ಜೋರು ಉಗಿಯನ್ನು ಕಂಡರಾಗದ ದೊಡ್ಡವರು, ನಾವು ಹೇಳಲಿಲ್ಲವೇ ಅಂತ ಪೈಲ್ವಾನನ ಮೇಲೆ ಬಿದ್ದರು. ಅವನು ಉಗಿಯನ್ನು ಬಿಡಲಿಲ್ಲ. ಅಂದಿನಿಂದ ತನ್ನ ಬಾಯ್ಲರುಗಳಿಗೆ ಎರಡು ವಾಲ್ವು ಇಟ್ಟ. ಒಂದು ನಡೆಸುವವನ ಕೈಗೆ ಸಿಗುವಂಥದ್ದು, ಇನ್ನೊಂದು ಅವನ ಕೈಗೆ ಸಿಗಲಾರದ್ದು.

"ಯಾಕ ಗೊತ್ತೈತೇನು?" ಅಂದರು ಮೇಸ್ತ್ರಿ. "ಉಗಿ ಮ್ಯಾಲ ಅಂವಗ ನಂಬಿಗಿ ಇತ್ತು. ನಿನ್ನಂಥಾವನ ಮ್ಯಾಲ ಇರಲಿಲ್ಲ."

ಮರುದಿನವೇ ಎರಡನೇ ವಾಲ್ವು ಹಾಕಿಸಬೇಕು ಅಂತ ಮಾಲೀಕನ ಮುಂದೆ ನಿಂತರು. ಅವನು ನಕ್ಕ. ಇದು ರೈಲಲ್ಲ ಅಂದ. ಮೇಸ್ತ್ರಿ ಹೊರಗೆ ಬಂದು ಗಂಗವ್ವನಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದರು, ಕಲ್ಲನ್ನೂ ತೋರಿಸಿದರು. ಹೆಂಗಸರು ಕೆಲಸ ಬಿಟ್ಟು ಗೇಟಿನ ಹೊರಗೆ ಕೂತರು. ಲಗ್ನದ ನೂಲು ತೊಟ್ಟಿಯಲ್ಲಿ ಕೊಳೆಯುವ ಹೊತ್ತು ಬಂತು. ಮೂರನೇ ದಿನ ಮಾಲೀಕ ಒಪ್ಪಿದ. ಮೇಸ್ತ್ರಿ ತಾವೇ ನಿಂತು, ಸ್ಪ್ರಿಂಗಿನ ವಾಲ್ವು ತರಿಸಿ, ಕೆಂಪು ಗೀಟಿಗೆ ಸರಿಯಾಗಿ ಬಿಗಿದು, ಅದರ ಬಿಗಿ ಹೆಚ್ಚಿಸುವ ಸ್ಕ್ರೂ ಯಾರ ಕೈಗೂ ಸಿಗದಂತೆ ಕಬ್ಬಿಣದ ಪೆಟ್ಟಿಗೆ ಹಾಕಿ ಕೀಲಿ ಜಡಿದರು. ಕೀಲಿಕೈಯನ್ನು ತಮ್ಮ ಸೊಂಟದ ಉಡದಾರಕ್ಕೆ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ಬಾಯ್ಲರ್ ತೊಳೆಯುವ ದಿನ ಬಂದು, ತೆರೆದು, ಪರೀಕ್ಷೆ ಮಾಡಿ, ಮತ್ತೆ ಕೀಲಿ ಹಾಕಿ ಹೋಗುತ್ತಿದ್ದರು. ಉಳಿದ ದಿನ ಗೇಟಿನೊಳಗೆ ಬಿಡಬೇಡ ಅಂತ ಮಾಲೀಕ ಹೇಳಿದ್ದು ಆವಾಗಲೇ.

ಹನ್ನೆರಡು ವರ್ಷ ಅವರು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಕಲ್ಲ ಅನ್ನುತ್ತಿದ್ದರು. 'ಏ ಕಲ್ಲ, ನೀರು ನೋಡಿಯೇನು', 'ಏ ಕಲ್ಲ, ಚಹಾ ಹೇಳು.' ನನ್ನ ಮಗಳ ಲಗ್ನಕ್ಕೆ ಬಂದು, ಬೀಗರ ಮುಂದೆಯೂ ಹಾಗೇ ಕರೆದರು. ಬೀಗರು ಯಾಕೆ ಅಂತ ಕೇಳಿದರು, ಮೇಸ್ತ್ರಿ ಎಲ್ಲವನ್ನೂ ಹೇಳಿದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಕ್ಷಮಿಸದ ಮುದುಕ, ಸಾಯುವ ತನಕ ಇದನ್ನೇ ಕುಟ್ಟುತ್ತಾನೆ ಅಂದುಕೊಂಡೆ. ಯಾರ ಮನಸ್ಸನ್ನೂ ನೋಯಿಸದ ಜೀವವಂತೆ. ನನ್ನನ್ನು ಕೇಳಲಿ, ಹೇಳುತ್ತೇನೆ.

ಮೇಸ್ತ್ರಿಯನ್ನು ಮಣ್ಣು ಮಾಡಿದ ದಿನ ಮಾಲೀಕ ಬರಲಿಲ್ಲ, ಮುಂಡರಗಿಯಲ್ಲಿ ಕೆಲಸ ಇತ್ತಂತೆ. ಹೊತ್ತದ್ದು ನಾವು, ಬಣ್ಣದ ಕೈಗಳವರು. ಚಟ್ಟದ ಬಿದಿರಿಗೆ ನಮ್ಮ ಕೈಯ ಕೆಂಪು ಹತ್ತಿತ್ತು.

ನಿನ್ನೆ ಚಹಾದ ಹೊತ್ತಿಗೆ ಮಾಲೀಕ ಕೇಳಿದ್ದು ಆ ಉಡದಾರದ ಕೀಲಿಕೈ. ಹೊಸದಾಗಿ ಎರಡು ತೊಟ್ಟಿ ಹಾಕಿಸಿದ್ದಾನೆ, ಈಗಿನ ಉಗಿ ಸಾಲುವುದಿಲ್ಲ. ಪೆಟ್ಟಿಗೆ ತೆಗೆದು ಸ್ಕ್ರೂ ಒಂದು ಸುತ್ತು ಬಿಗಿದರೆ ಮುಗಿಯಿತು, ಮೇಲಿನ ಸರಳಿಗೆ ಏನು ಮಾಡಬೇಕು ಅನ್ನುವುದು ನಿನಗೆ ಗೊತ್ತೇ ಇದೆ ಅಂದ. ಹೌದು, ಹಾಗೇ ಅಂದ. ಹನ್ನೆರಡು ವರ್ಷದ ಹಿಂದೆ ಕಾಣದ ಕಲ್ಲು ನಿನ್ನೆ ಅವನಿಗೆ ನೆನಪಾಯಿತು. ನಾಳೆ ಕೀಲಿಕೈ ತರದಿದ್ದರೆ ಕೀಲಿ ಕತ್ತರಿಸುತ್ತೇನೆ, ಬಾಯ್ಲರಿಗೆ ಬೇರೆ ಆಳು ನೋಡುತ್ತೇನೆ ಅಂತಲೂ ಹೇಳಿದ. ಬಾಯ್ಲರಿನ ಕೋಣೆಯಲ್ಲೇ ಮೇಸ್ತ್ರಿಯ ಫೋಟೋ ತೂಗುಹಾಕುತ್ತಾನಂತೆ, ಹಾರವನ್ನೂ ಹಾಕುತ್ತಾನಂತೆ.

ಸಂಜೆ ಕಳಸಾಪುರಕ್ಕೆ ಹೋದೆ. ಸುಳ್ಳು ಹೇಳುವವರನ್ನು ಇಷ್ಟು ಬೈದು ನಾನೇ ಸುಳ್ಳು ಹೇಳಬಾರದು. ಕೀಲಿಕೈ ಸಿಕ್ಕರೆ ಏನು ಮಾಡುತ್ತೇನೆ ಅನ್ನುವುದು ಹೋಗುವಾಗ ನನಗೇ ಗೊತ್ತಿರಲಿಲ್ಲ. ಐವತ್ತು ದಾಟಿದ ನನ್ನನ್ನು ಇನ್ನೆಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಒಂದು ಸುತ್ತು ತಾನೆ ಅಂತಲೂ ದಾರಿಯಲ್ಲಿ ಅನ್ನಿಸಿತು. ಅನ್ನಿಸಿದ್ದು ಖರೆ.

ಮೇಸ್ತ್ರಿಯ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ, ಆ ಸಣ್ಣ ಸುತ್ತಿಗೆಯನ್ನೂ ಕಪ್ಪು ಉಡದಾರದ ತುಂಡಿಗೆ ಕಟ್ಟಿದ್ದ ಕೀಲಿಕೈಯನ್ನೂ ತಂದು ನನ್ನ ಮುಂದಿಟ್ಟರು. ಮೇಸ್ತ್ರಿ ಬೇನೆ ಬಿದ್ದಾಗಲೇ ಬಿಚ್ಚಿ ಕೊಟ್ಟು, ಯಾರಿಗೆ ಕೊಡಬೇಕು ಅಂತ ಹೇಳಿಟ್ಟಿದ್ದರಂತೆ. ಅಷ್ಟು ಮಂದಿ ಇರುವಾಗ ನನಗೇ ಯಾಕೆ ಅಂತ ಕೇಳಿದೆ.

"ನಾನೂ ಹಂಗ ಕೇಳಿದೆ" ಅಂದರು ಆಕೆ. "ಕಲ್ಲ ಕಟ್ಟಿದಾವಗ ಕೊಡು ಅಂದ್ರು. ಉಳಿದ ಮಂದಿಗೆ ಅದು ಬರೇ ಕಥಿ, ಅಂವ ಮುಳ್ಳು ಇಳಿಯೂತನಕ ನನ್ನ ಬಾಜೂಕ ನಿಂತಿದ್ದ ಅಂದ್ರು."

ಕಟ್ಟೆಯ ಮೇಲೆ ಕೂತು ಅತ್ತೆ. ನಾಚಿಕೆ ಇಲ್ಲ ಹೇಳಲು. ಕರವಸ್ತ್ರ ಇರಲಿಲ್ಲ, ಅಂಗಿಯ ತೋಳಿನಿಂದ ಒರೆಸಿಕೊಂಡೆ.

ಇವತ್ತು ಬೆಳಿಗ್ಗೆ ಎಂದಿನಂತೆ ಬೆಂಕಿ ಹಚ್ಚಿದೆ. ಕೀಲಿಕೈ ನನ್ನ ಉಡದಾರದಲ್ಲಿತ್ತು. ಮಾಲೀಕ ಬರುವ ಮೊದಲೇ ಗಂಗವ್ವನಿಗೆ ಎಲ್ಲ ಹೇಳಿದ್ದೆ, ಅವಳು ತೊಟ್ಟಿಯ ಕೋಲು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು. ಹನ್ನೊಂದು ಗಂಟೆಯ ಸುಮಾರಿಗೆ ಉಗಿ ಗೀಟು ಮುಟ್ಟಿತು, ಎರಡೂ ವಾಲ್ವು ಎದ್ದವು. ಮಾಲೀಕ ಕೋಣೆಗೆ ಬಂದ. ಒಂದು ಕೈಯಲ್ಲಿ ಹಾರ ಹಾಕಿದ ಫೋಟೋ ಇತ್ತು. ಆ ಸದ್ದಿನಲ್ಲಿ ಮಾತು ಕೇಳಿಸದೆ ಕೂಗಿದ, ಮೊದಲು ಅದನ್ನು ನಿಲ್ಲಿಸು ಅಂತ.

"ನಿಲ್ಲಸಾಕ ನನಗ ಬರತೈತ್ರಿ" ಅಂದೆ. "ಒಮ್ಮೆ ನಿಲ್ಲಿಸೀನಿ."

ಕೀಲಿಕೈ ಕೊಡಲಿಲ್ಲ. ಇನ್ನು ಬೇರೆ ಆಳನ್ನು ಹುಡುಕುತ್ತಾನೋ, ಕೀಲಿಯನ್ನೇ ಕತ್ತರಿಸುತ್ತಾನೋ ಗೊತ್ತಿಲ್ಲ. ಕತ್ತರಿಸಿದ ದಿನ ಹೆಂಗಸರು ಗೇಟಿನ ಹೊರಗೆ ಇರುತ್ತಾರೆ, ನಾನೂ ಅವರ ಜೊತೆ ಇರುತ್ತೇನೆ. ಫೋಟೋವನ್ನು ಅವನ ಕೈಯಿಂದ ತೆಗೆದುಕೊಂಡು, ಹಾರ ತೆಗೆದು, ಮೀಟರಿನ ಎದುರಿನ ಮೊಳೆಗೆ ನಾನೇ ಹಾಕಿದೆ. ಅಲ್ಲಿಂದ ಮುಳ್ಳು ಚೆನ್ನಾಗಿ ಕಾಣುತ್ತದೆ.